ಶಾಲೆಯ ಕರೆಂಟ್ ಬಿಲ್ಲು ಓದಿದ ಮಕ್ಕಳು

ಶಾಲೆಗೆ ಕರೆಂಟ್ ಎಲ್ಲಿಂದ ಬರುತ್ತದೆ, ಅದರ ಬಿಲ್ಲು ಯಾರು ಕಟ್ಟುತ್ತಾರೆ ಎಂದು ಹೈಸ್ಕೂಲ್ ಮಕ್ಕಳು ತಲೆ ಕೆಡಿಸಿಕೊಳ್ಳುವುದಿಲ್ಲ. ಕೆಡಿಸಿಕೊಳ್ಳಬೇಕೆಂದು ಯಾವ ಮೇಷ್ಟ್ರೂ ಹೇಳುವುದಿಲ್ಲ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ನಗರದಲ್ಲಿ ಒಂದು ಹೈಸ್ಕೂಲಿನ ಹುಡುಗ–ಹುಡುಗಿಯರು ಮಾತ್ರ 2012ರಲ್ಲಿ ಈ ಕೆಲಸಕ್ಕೆ ಕೈ ಹಾಕಿದರು. ಅವರಿಗೆ ಮತದಾನದ ವಯಸ್ಸಾಗಿರಲಿಲ್ಲ. ಕೈಯಲ್ಲಿ ದುಡ್ಡಿರಲಿಲ್ಲ. ಆದರೂ ಅವರು ಕೆದಕಿ ತೆಗೆದ ಒಂದು ಕರಾರಿನಿಂದಾಗಿ, ಆ ದೇಶದಲ್ಲೇ ಅತಿ ದೊಡ್ಡದಾಗಬೇಕಿದ್ದ ಕಸ ಸುಡುವ ಸ್ಥಾವರವೊಂದು ಅಡಿಪಾಯದ ಹಂತದಲ್ಲೇ ನಿಂತುಹೋಯಿತು.

ಆ ಬಡಾವಣೆಯ ಹೆಸರು ಕರ್ಟಿಸ್ ಬೇ. ನಗರದ ದಕ್ಷಿಣಕ್ಕೆ, ನೀರಿಗೆ ಚಾಚಿಕೊಂಡ ಭೂಭಾಗದಲ್ಲಿದೆ. ಬಂದರು, ರೈಲು ಹಳಿ, ತೈಲದ ಟ್ಯಾಂಕುಗಳು, ರಾಸಾಯನಿಕ ಕಾರ್ಖಾನೆಗಳು, ಆಸ್ಪತ್ರೆಗಳ ತ್ಯಾಜ್ಯ ಸುಡುವ ಘಟಕ, ಊರಿನ ಕಸ ಗುಡ್ಡೆ ಹಾಕುವ ಜಾಗ ಎಲ್ಲವೂ ಅಲ್ಲೇ ಸುತ್ತಮುತ್ತ. ಉಳಿದ ನಗರ ತನಗೆ ಬೇಕಾದ, ಆದರೆ ಕಣ್ಣೆದುರು ಬೇಡವಾದ ಎಲ್ಲವನ್ನೂ ಈ ಮೂಲೆಗೆ ತಳ್ಳುತ್ತ ಬಂದಿದೆ. ನೆರೆಯ ಫೇರ್‌ಫೀಲ್ಡ್, ವ್ಯಾಗ್ನರ್ಸ್ ಪಾಯಿಂಟ್ ಎಂಬ ಬಡಾವಣೆಗಳಲ್ಲಿ ಒಂದು ಕಾಲಕ್ಕೆ ಜನ ತುಂಬಿದ್ದರು. ಕಾರ್ಖಾನೆಗಳ ನಡುವೆ ಬದುಕಲಾಗದೆ ಅವರೆಲ್ಲ ಮನೆ ಬಿಟ್ಟುಕೊಟ್ಟು ಹೋದ ಮೇಲೆ ಅಲ್ಲಿ ಕಾರ್ಖಾನೆಗಳಷ್ಟೇ ಉಳಿದವು. ಕರ್ಟಿಸ್ ಬೇ ಉಳಿದುಕೊಂಡಿತು. ದುಡಿಯುವ ಬಿಳಿಯರು, ಕರಿಯರು, ಲ್ಯಾಟಿನ್ ಅಮೆರಿಕದಿಂದ ಬಂದವರು ಕಲೆತಿರುವ, ಬಾಡಿಗೆ ಕಡಿಮೆ ಇರುವ ಕೇರಿ ಅದು.

2013ರಲ್ಲಿ ಎಂಐಟಿ ವಿಜ್ಞಾನಿಗಳು ಅಮೆರಿಕದ ನಗರಗಳಲ್ಲಿ ಹೊಗೆಯಿಂದಾಗುವ ಅಕಾಲ ಮರಣಗಳ ಅಂದಾಜು ಹಾಕಿದಾಗ, ದೊಡ್ಡ ನಗರಗಳ ಪೈಕಿ ಬಾಲ್ಟಿಮೋರ್ ಮೊದಲ ಸ್ಥಾನದಲ್ಲಿತ್ತು: ಲಕ್ಷ ಜನಕ್ಕೆ ವರ್ಷಕ್ಕೆ 130. ಆ ನಗರದೊಳಗೆ ಅತಿ ಹೆಚ್ಚು ಹೊಗೆ ಕುಡಿಯುವ ಮೂಲೆಗಳಲ್ಲಿ ಕರ್ಟಿಸ್ ಬೇ ಒಂದು. ಅಂಥಲ್ಲಿಗೇ ಇನ್ನೊಂದು ಹೊಗೆ ಕೊಳವೆ ತರುವುದೆಂದು 2010ರಲ್ಲಿ ತೀರ್ಮಾನವಾಯಿತು. ಎನರ್ಜಿ ಆನ್ಸರ್ಸ್ ಎಂಬ ಕಂಪನಿ ಹಳೆಯ ರಾಸಾಯನಿಕ ಕಾರ್ಖಾನೆಯ 90 ಎಕರೆ ಜಾಗದಲ್ಲಿ ದಿನಕ್ಕೆ 4,000 ಟನ್ ಕಸ ಸುಟ್ಟು ವಿದ್ಯುತ್ ತಯಾರಿಸಲು ಹೊರಟಿತ್ತು. ಇಡೀ ಬೆಂಗಳೂರಿನ ದಿನದ ಕಸದ ಬಹುಪಾಲು ಒಂದೇ ಒಲೆಗೆ ಬಿದ್ದಂತೆ. ಪರವಾನಗಿಯ ಪ್ರಕಾರ ಆ ಕೊಳವೆಯಿಂದ ವರ್ಷಕ್ಕೆ 240 ಪೌಂಡ್ ಪಾದರಸ, 1,000 ಪೌಂಡ್ ಸೀಸ ಹೊರಬರಬಹುದಿತ್ತು. ಬೆಂಜಮಿನ್ ಫ್ರಾಂಕ್ಲಿನ್ ಹೈಸ್ಕೂಲಿಗೂ ಆ ಜಾಗಕ್ಕೂ ಒಂದು ಮೈಲಿಯಷ್ಟೂ ದೂರವಿರಲಿಲ್ಲ.

ಸೀಸದ ವಿಷಯದಲ್ಲಿ ಬಾಲ್ಟಿಮೋರ್ ನಗರಕ್ಕೆ ಯಾರೂ ಪಾಠ ಹೇಳಬೇಕಿರಲಿಲ್ಲ. ಮನೆಯೊಳಗಿನ ಗೋಡೆಗೆ ಸೀಸದ ಬಣ್ಣ ಬಳಿಯುವುದನ್ನು 1951ರಷ್ಟು ಹಿಂದೆಯೇ ನಿಷೇಧಿಸಿದ ಊರದು. ಆಮೇಲೂ ಹಳೆಯ ಮನೆಗಳ ಗೋಡೆಯಿಂದ ಉದುರಿದ ಚಕ್ಕೆ ಬಾಯಿಗೆ ಹೋಗಿ ಬಡವರ ಮನೆಯ ಸಾವಿರಾರು ಮಕ್ಕಳ ಮಿದುಳು ಕೆಟ್ಟಿತ್ತು. ಅಂಥ ಊರಿನ ಶಾಲೆಯ ಪಕ್ಕದಲ್ಲೇ ಸೀಸಕ್ಕೆ ಪೌಂಡಿನ ಲೆಕ್ಕದಲ್ಲಿ ಅನುಮತಿ ಸಿಕ್ಕಿತು. ಇದೆಲ್ಲ ನಡೆದದ್ದು ಹಸಿರು ಬಾವುಟದ ಕೆಳಗೆ. 2011ರಲ್ಲಿ ಮೇರಿಲ್ಯಾಂಡ್ ಸರ್ಕಾರ ಕಾನೂನು ಬದಲಿಸಿ, ಕಸ ಸುಟ್ಟು ಪಡೆದ ವಿದ್ಯುತ್ತನ್ನು ಸೂರ್ಯ, ಗಾಳಿಯ ವಿದ್ಯುತ್ತಿನ ಸಾಲಿನಲ್ಲೇ ಕೂರಿಸಿತ್ತು. ಹಾಗೆ ಕೂರಿಸಿದರೆ ಸಬ್ಸಿಡಿಯೂ ಸಿಗುತ್ತದೆ, ಕೊಂಡವರಿಗೆ ಪರಿಸರಪ್ರೇಮಿ ಎಂಬ ಬಿರುದೂ ಸಿಗುತ್ತದೆ.

2012ರಲ್ಲಿ ಈ ಹೈಸ್ಕೂಲಿನ ಕೆಲವು ಮಕ್ಕಳು ಇಬ್ಸೆನ್‌ನ 'ಆ್ಯನ್ ಎನಿಮಿ ಆಫ್ ದಿ ಪೀಪಲ್' ನಾಟಕ ನೋಡಿ ಬಂದರು. ಸತ್ಯಜಿತ್ ರೇ 'ಗಣಶತ್ರು' ಎಂದು ಸಿನಿಮಾ ಮಾಡಿದ್ದು ಇದೇ ನಾಟಕವನ್ನು. ಊರಿನ ನೀರಿನಲ್ಲಿ ವಿಷವಿದೆ ಎಂದು ಪತ್ತೆ ಹಚ್ಚಿದ ವೈದ್ಯನನ್ನೇ ಊರು ಶತ್ರುವೆಂದು ಕರೆಯುವ ಕಥೆ. ನಮ್ಮೂರಲ್ಲೂ ಇಂಥದ್ದೇನಾದರೂ ಇದೆಯೇ ಎಂದು ಹುಡುಕಹೊರಟ ಆ ಮಕ್ಕಳಿಗೆ ಈ ಸ್ಥಾವರದ ಸುದ್ದಿ ಸಿಕ್ಕಿತು. ಎರಡು ವರ್ಷದ ಹಿಂದೆಯೇ ಒಪ್ಪಿಗೆ ಪಡೆದ ಯೋಜನೆ, ಅದರ ಪಕ್ಕದಲ್ಲೇ ಓದುತ್ತಿದ್ದವರಿಗೆ ಗೊತ್ತಿರಲಿಲ್ಲ. ಆಗ 17ರ ಆಸುಪಾಸಿನಲ್ಲಿದ್ದ ಡೆಸ್ಟಿನಿ ವಾಟ್ಫೋರ್ಡ್ ಆ ಗುಂಪಿನಲ್ಲಿದ್ದಳು. ಗುಂಪಿಗೆ 'ಫ್ರೀ ಯುವರ್ ವಾಯ್ಸ್' ಎಂದು ಹೆಸರಿಟ್ಟರು. ಬೆನ್ನಿಗೆ ಯುನೈಟೆಡ್ ವರ್ಕರ್ಸ್ ಎಂಬ ಕಾರ್ಮಿಕರ ಸಂಘಟನೆಯಿತ್ತು. ಈ ಸಂಗತಿಯನ್ನು ಕಥೆ ಹೇಳುವವರು ಸಾಮಾನ್ಯವಾಗಿ ನುಂಗಿಬಿಡುತ್ತಾರೆ. ಮಕ್ಕಳೇ ಎಲ್ಲ ಮಾಡಿದರು ಎಂದರೆ ಕಥೆ ಚಂದ ಕಾಣುತ್ತದೆ, ನೋಡಿ. ಜೊತೆಗೆ ನಿಂತು ದಾರಿ ತೋರಿದ, ಆದರೆ ಮೈಕು ಕಿತ್ತುಕೊಳ್ಳದ ಹಿರಿಯರು ಸಿಗುವುದು ಮಕ್ಕಳು ಸಿಗುವುದಕ್ಕಿಂತ ಕಷ್ಟ.

ಮೊದಲು ಅವರು ಮನೆ ಮನೆಗೆ ಹೋದರು, ಬಾಗಿಲು ತಟ್ಟಿದರು, ಸಹಿ ಕೇಳಿದರು. ಬಹಳ ಮಂದಿಗೆ ಯೋಜನೆಯ ವಿಷಯವೇ ಗೊತ್ತಿರಲಿಲ್ಲ. ಗೊತ್ತಿದ್ದವರಲ್ಲಿ ಕೆಲವರು ಕೆಲಸ ಸಿಗುತ್ತದಲ್ಲ ಎಂದರು. ಆ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ; ಉಕ್ಕಿನ ಕಾರ್ಖಾನೆ, ಹಡಗುಕಟ್ಟೆಗಳ ಕೆಲಸ ಕರಗಿಹೋದ ಊರಿನಲ್ಲಿ ಸ್ಥಾವರ ಕಟ್ಟುವ ಕೆಲಸವೆಂದರೆ ಊಟದ ಪ್ರಶ್ನೆ. ಇನ್ನು ಕೆಲವರದು, ಎಷ್ಟು ಸಲ ಎದುರು ನಿಂತರೂ ಆಗುವುದು ಆಗಿಯೇ ತೀರುತ್ತದೆ ಎಂಬ ಹತಾಶೆ. ಕಂಪನಿಯ ವಾದವೂ ಪೂರ್ತಿ ಪೊಳ್ಳಾಗಿರಲಿಲ್ಲ. ಹೊಸ ಸ್ಥಾವರದ ಹೊಗೆ ಹಳೆಯವುಗಳಿಗಿಂತ ಶುದ್ಧ ಎಂದು ಅದು ಹೇಳುತ್ತಿತ್ತು, ಹಳೆಯವುಗಳ ಜೊತೆ ಹೋಲಿಸಿದರೆ ಅದು ನಿಜವೂ ಇರಬಹುದು. ಆದರೆ ಕರ್ಟಿಸ್ ಬೇ ಜನ ಉಸಿರಾಡುವುದು ಒಂದೊಂದು ಕೊಳವೆಯ ಹೊಗೆಯನ್ನು ಬೇರೆ ಬೇರೆಯಾಗಿ ಅಲ್ಲ. ಅನುಮತಿ ಕೊಡುವ ಕಚೇರಿ ಒಂದೊಂದು ಕೊಳವೆಗೂ ಬೇರೆ ಕಡತ ತೆರೆಯುತ್ತದೆ. ಶ್ವಾಸಕೋಶಕ್ಕೆ ಇರುವುದು ಒಂದೇ ಕಡತ.

ಮೆರವಣಿಗೆ, ಸಹಿ ಸಂಗ್ರಹ, ಭಿತ್ತಿಪತ್ರ ಇಷ್ಟಕ್ಕೇ ನಿಂತಿದ್ದರೆ ಈ ಲೇಖನ ಬರೆಯುವ ಅಗತ್ಯವಿರುತ್ತಿರಲಿಲ್ಲ. ವಿಷಯ ಕುತೂಹಲ ಹುಟ್ಟಿಸುವುದು ಇಲ್ಲಿಂದ ಮುಂದೆ. ಇಷ್ಟು ದೊಡ್ಡ ಸ್ಥಾವರದ ಕರೆಂಟನ್ನು ಕೊಳ್ಳುವವರು ಯಾರು ಎಂದು ಆ ಮಕ್ಕಳು ಕೇಳಿದರು. ಕೊಳ್ಳುವವರಿಲ್ಲದೆ ಬ್ಯಾಂಕು ಸಾಲ ಕೊಡುವುದಿಲ್ಲ, ಸಾಲವಿಲ್ಲದೆ ಒಲೆ ಹೊತ್ತುವುದಿಲ್ಲ. ಕಾಗದಪತ್ರ ತೆಗೆದು ನೋಡಿದರೆ, ನಗರ ಹಾಗೂ ಸುತ್ತಲಿನ ಕೌಂಟಿಗಳ 22 ಸಾರ್ವಜನಿಕ ಸಂಸ್ಥೆಗಳು ಒಟ್ಟಾಗಿ ಈ ಕರೆಂಟು ಕೊಳ್ಳುವುದಾಗಿ ಕರಾರು ಮಾಡಿಕೊಂಡಿದ್ದವು. ಆ ಪಟ್ಟಿಯಲ್ಲಿ ಬಾಲ್ಟಿಮೋರ್ ನಗರದ ಶಾಲಾ ಮಂಡಳಿಯ ಹೆಸರೂ ಇತ್ತು. ಅಂದರೆ ತಮ್ಮ ತರಗತಿಯ ದೀಪ ಉರಿಸಲು, ತಮ್ಮ ಹೆಸರಿನಲ್ಲಿ ಬರುವ ದುಡ್ಡಿನಿಂದಲೇ, ತಮ್ಮ ಮೂಗಿನ ಕೆಳಗೆ ಪಾದರಸ ಬಿಡುವ ಯಂತ್ರಕ್ಕೆ ಆಧಾರ ಒದಗುತ್ತಿತ್ತು.

ಇದು ಗೊತ್ತಾದ ಮೇಲೆ ಅವರು ಕಂಪನಿಯ ಬಾಗಿಲಿಗೆ ಹೋಗಲಿಲ್ಲ, ರಾಜ್ಯಪಾಲರ ಬಾಗಿಲಿಗೂ ಮೊದಲು ಹೋಗಲಿಲ್ಲ. ಹೋದದ್ದು ತಮ್ಮದೇ ಶಾಲಾ ಮಂಡಳಿಯ ಮುಂದೆ. 2014ರ ಮೇ ತಿಂಗಳಲ್ಲಿ ಮಂಡಳಿಯ ಸಭೆಯಲ್ಲಿ ಅಂಕಿಅಂಶ ಇಟ್ಟರು, ವಿಡಿಯೊ ತೋರಿಸಿದರು, ತಾವೇ ಕಟ್ಟಿದ ಹಾಡನ್ನೂ ಹಾಡಿದರು. ಸದಸ್ಯರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಸುಲಭ; ಕರಾರಿನಿಂದ ಹೊರಬರಲು ಇನ್ನೂ ಎಂಟೊಂಬತ್ತು ತಿಂಗಳು ಬೇಕಾಯಿತು. 2015ರ ಫೆಬ್ರುವರಿಯಲ್ಲಿ ಶಾಲಾ ಮಂಡಳಿ ಕರಾರು ಕೈಬಿಟ್ಟಿತು. ಆಮೇಲೆ ಒಂದೊಂದಾಗಿ 22 ಗಿರಾಕಿಗಳೂ ಕಳಚಿಕೊಂಡರು.

ಅಷ್ಟಕ್ಕೂ ಮುಗಿಯಲಿಲ್ಲ, ಏಕೆಂದರೆ ಪರವಾನಗಿ ಇನ್ನೂ ಜೀವಂತವಾಗಿತ್ತು. ಅಲ್ಲಿನ ವಾಯು ಕಾನೂನಿನಲ್ಲಿ ಒಂದು ನಿಯಮವಿದೆ: ಕಟ್ಟಡದ ಕೆಲಸ 18 ತಿಂಗಳು ನಿಂತರೆ ಪರವಾನಗಿ ಬಿದ್ದುಹೋಗುತ್ತದೆ. ಕಂಪನಿಯ ಕೆಲಸ 2013ರ ಅಕ್ಟೋಬರಿನಿಂದಲೇ ನಿಂತಿತ್ತು. ಇಲಾಖೆ ಸುಮ್ಮನಿತ್ತು. 2015ರ ಡಿಸೆಂಬರಿನಲ್ಲಿ ಹೋರಾಟಗಾರರು ರಾಜ್ಯದ ಪರಿಸರ ಇಲಾಖೆಯ ಕಚೇರಿಗೆ ಹೋಗಿ ಧರಣಿ ಕುಳಿತರು, ಏಳು ಮಂದಿಯ ಬಂಧನವಾಯಿತು. 2016ರ ಮಾರ್ಚ್‌ನಲ್ಲಿ ಇಲಾಖೆ ಪರವಾನಗಿ ಅಸಿಂಧುವಾಗಿದೆ ಎಂದು ಪತ್ರ ಬರೆಯಿತು. ಇಲಾಖೆಗೆ ತನ್ನದೇ ನಿಯಮಪುಸ್ತಕ ನೆನಪಿಸಲು ಇಷ್ಟೆಲ್ಲ ಬೇಕಾಯಿತು. ಮರುತಿಂಗಳೇ 20 ವರ್ಷದ ಡೆಸ್ಟಿನಿ ವಾಟ್ಫೋರ್ಡ್‌ಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. ಟಿ.ವಿ., ಪತ್ರಿಕೆಗಳೆಲ್ಲ 'ಕಂಪನಿಯನ್ನು ಮಣಿಸಿದ ಹುಡುಗಿ' ಎಂಬ ಧಾಟಿಯಲ್ಲಿ ಬರೆದವು.

ಈ ಧಾಟಿ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಹುಡುಗಿಯ ಸಾಹಸ ಕಡಿಮೆಯೆಂದಲ್ಲ. ಹೈಸ್ಕೂಲು ಎಂಬುದು ಅಲ್ಲಿ ನಾಲ್ಕು ವರ್ಷ, ಈ ಹೋರಾಟವೂ ಹೆಚ್ಚುಕಡಿಮೆ ಅಷ್ಟೇ ವರ್ಷ ನಡೆಯಿತು. ಶುರು ಮಾಡಿದವರು ಕಾಲೇಜಿಗೆ ಹೋಗಿಯಾಗಿತ್ತು. ಡೆಸ್ಟಿನಿ ಕೂಡ ಟೌಸನ್ ವಿಶ್ವವಿದ್ಯಾಲಯದಲ್ಲಿ ಓದುತ್ತಲೇ ಓಡಾಡುತ್ತಿದ್ದಳು. ಯುವಕರ ಸಂಘಟನೆಗಳ ಹಳೆಯ ಕಾಯಿಲೆಯೇ ಇದು: ಕೆಲಸ ಕಲಿಯುವ ಹೊತ್ತಿಗೆ ಪರೀಕ್ಷೆ ಬರುತ್ತದೆ, ಪರೀಕ್ಷೆ ಮುಗಿಯುವ ಹೊತ್ತಿಗೆ ಊರು ಬಿಡುವ ಕಾಲ ಬರುತ್ತದೆ. ಒಬ್ಬಳನ್ನು ನಾಯಕಿ ಮಾಡಿದರೆ ಅವಳು ಹೋದ ದಿನವೇ ಅಂಗಡಿ ಬಾಗಿಲು ಹಾಕಬೇಕಾಗುತ್ತದೆ. ಕರ್ಟಿಸ್ ಬೇನಲ್ಲಿ ಹಾಗಾಗಲಿಲ್ಲ. 'ಫ್ರೀ ಯುವರ್ ವಾಯ್ಸ್' ಅದೇ ಶಾಲೆಯಲ್ಲಿ ಉಳಿಯಿತು, ಹೊಸ ತಂಡಗಳು ಬಂದವು. ಪ್ರಶಸ್ತಿಗಿಂತ ನನಗೆ ದೊಡ್ಡದಾಗಿ ಕಾಣುವುದು ಈ ಸಂಗತಿ. ಅದರ ಬೆಲೆ ತಿಳಿದದ್ದು ಮುಂದಿನ ಅವಘಡದಲ್ಲಿ.

2021ರ ಡಿಸೆಂಬರ್ 30ರಂದು ಕರ್ಟಿಸ್ ಬೇನಲ್ಲಿ ಭಾರಿ ಸ್ಫೋಟವಾಯಿತು. ಸಿಎಸ್‌ಎಕ್ಸ್ ರೈಲು ಕಂಪನಿಯ ಕಲ್ಲಿದ್ದಲು ಬಂದರಿನಲ್ಲಿ, ಕಲ್ಲಿದ್ದಲು ರಾಶಿಯ ಕೆಳಗೆ ಹಾದುಹೋಗುವ ಸುರಂಗವೊಂದು ಸಿಡಿದಿತ್ತು. ಮನೆಗಳ ಕಿಟಕಿ ಗಾಜು ಒಡೆದವು, ಬೀದಿಯ ಮೇಲೆ ಕಪ್ಪು ದೂಳು ಬಿತ್ತು. ಅಲ್ಲಿ ಕಲ್ಲಿದ್ದಲನ್ನು ಬಟಾಬಯಲಿನಲ್ಲೇ ಬೆಟ್ಟದಂತೆ ಪೇರಿಸಿ, ಬುಲ್ಡೋಜರಿನಿಂದ ತಳ್ಳಿ, ಹಡಗಿಗೆ ತುಂಬುತ್ತಾರೆ. ಬಡಾವಣೆಯ ಆಟದ ಮೈದಾನದಲ್ಲಿ ನಿಂತರೆ ಆ ಕಪ್ಪು ಗುಡ್ಡ ಕಾಣುತ್ತದೆ. ಕಿಟಕಿಯ ದಂಡೆ ಒರೆಸಿದರೆ ಬಟ್ಟೆ ಕಪ್ಪಾಗುತ್ತದೆ, ಮರುದಿನ ಮತ್ತೆ ಕಪ್ಪಾಗುತ್ತದೆ ಎಂದು ಅಲ್ಲಿಯ ಜನ ವರ್ಷಗಟ್ಟಲೆಯಿಂದ ಹೇಳುತ್ತಿದ್ದರು. ಆ ದೂಳು ಕಲ್ಲಿದ್ದಲಿನದೇ ಎಂಬುದಕ್ಕೆ ಪುರಾವೆ ಎಲ್ಲಿದೆ ಎಂಬ ಮರುಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ. ನಗರದ ಗಾಳಿಯಲ್ಲಿ ಡೀಸೆಲ್ ಮಸಿಯೂ ಇರುತ್ತದೆ, ರಸ್ತೆ ದೂಳೂ ಇರುತ್ತದೆ. ಕಣ್ಣಿಗೆ ಎಲ್ಲವೂ ಕಪ್ಪೇ.

ಪುರಾವೆಯನ್ನು ತಾವೇ ಕೂಡಿಸಲು ಬಡಾವಣೆಯ ನಿವಾಸಿಗಳ ಸಂಘ, ಯುವಕರ ಗುಂಪು, ಜಾನ್ಸ್ ಹಾಪ್ಕಿನ್ಸ್ ಮತ್ತು ಮೇರಿಲ್ಯಾಂಡ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು, ರಾಜ್ಯದ ಪರಿಸರ ಇಲಾಖೆ ಸೇರಿ ಕೆಲಸಕ್ಕೆ ಇಳಿದರು. ಬೀದಿ ಬೀದಿಯಲ್ಲಿ ಗಾಳಿ ಅಳೆಯುವ ಸಣ್ಣ ಯಂತ್ರಗಳನ್ನು ಕಟ್ಟಿದರು. ಮನೆಗಳ ಹೊರಗೆ ಬಿದ್ದ ದೂಳನ್ನು ಎತ್ತಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟು, ಕಣದ ಆಕಾರ ಮತ್ತು ಅದರೊಳಗಿನ ಧಾತುಗಳಿಂದ ಕಲ್ಲಿದ್ದಲನ್ನು ಬೇರ್ಪಡಿಸಿ ಗುರುತಿಸಿದರು. ಇನ್ನೊಂದು ಉಪಾಯ ನನಗೆ ಬಹಳ ಇಷ್ಟವಾದದ್ದು. ಕಾಡಿನಲ್ಲಿ ಪ್ರಾಣಿಗಳ ಚಿತ್ರ ತೆಗೆಯಲು ಬಳಸುವ ಕ್ಯಾಮೆರಾವನ್ನು ಕಲ್ಲಿದ್ದಲು ರಾಶಿಯ ಕಡೆ ಮುಖ ಮಾಡಿ ಇಟ್ಟರು. ಬುಲ್ಡೋಜರ್ ಯಾವಾಗ ಓಡಿತು, ಆಗ ಗಾಳಿ ಯಾವ ಕಡೆಗೆ ಬೀಸುತ್ತಿತ್ತು, ಆ ಹೊತ್ತಿಗೆ ಬಡಾವಣೆಯ ಯಂತ್ರಗಳು ಏನು ತೋರಿಸಿದವು ಎಂದು ತಾಳೆ ನೋಡಿದರು. ಬುಲ್ಡೋಜರ್ ಓಡುವಾಗ, ಗಾಳಿ ಊರಿನ ಕಡೆಗಿದ್ದಾಗ, ಊರಿನ ಗಾಳಿಯಲ್ಲಿ ಕಣಗಳು ಹೆಚ್ಚುತ್ತಿದ್ದವು. 2023ರ ಡಿಸೆಂಬರಿನಲ್ಲಿ ಬಂದ ವರದಿ, ಬಡಾವಣೆಯೊಳಗೆ ಕಲ್ಲಿದ್ದಲು ದೂಳು ಇದೆ ಎಂದು ಸ್ಪಷ್ಟವಾಗಿ ಹೇಳಿತು. ಇಲಾಖೆಯೂ ಆ ಅಧ್ಯಯನದ ಭಾಗವಾಗಿದ್ದರಿಂದ, ಇದು ಯಾರೋ ಹೋರಾಟಗಾರರ ಹುಯಿಲು ಎಂದು ತಳ್ಳಿಹಾಕುವುದು ಕಷ್ಟವಾಯಿತು. ಕಂಪನಿ ಒಪ್ಪಲಿಲ್ಲ, ಅದು ಬೇರೆ ಮಾತು.

ಇದನ್ನೆಲ್ಲ ಗೆಲುವಿನ ಸರಮಾಲೆ ಎಂದುಕೊಳ್ಳಬೇಡಿ. ಅದೇ ನಗರದಲ್ಲಿ 1985ರಿಂದ ಉರಿಯುತ್ತಿರುವ ಇನ್ನೊಂದು ಕಸದ ಸ್ಥಾವರವಿದೆ. ಅದರ ಹೊಗೆಗೆ ಕಡಿವಾಣ ಹಾಕಲು 2019ರಲ್ಲಿ ನಗರ ಮಾಡಿದ ಕಾನೂನನ್ನು ಮರುವರ್ಷ ಫೆಡರಲ್ ನ್ಯಾಯಾಲಯ ರದ್ದು ಮಾಡಿತು. ಅದೇ ವರ್ಷದ ನವೆಂಬರಿನಲ್ಲಿ ನಗರವೇ ಅದರ ಜೊತೆ 2031ರವರೆಗೆ ಹೊಸ ಕರಾರಿಗೆ ಸಹಿ ಹಾಕಿತು. ಕರ್ಟಿಸ್ ಬೇ ಯುವಕರು ಕಸ ಸುಡುವ ಬದಲು ಗೊಬ್ಬರ ಮಾಡಿ ಎಂದು ಯೋಜನೆ ಬರೆದುಕೊಟ್ಟರೂ ನಗರಾಡಳಿತ ಸುಲಭದ ದಾರಿ ಹಿಡಿಯಿತು. ಕಸ ಸುಡುವುದನ್ನು ಸೂರ್ಯ, ಗಾಳಿಯ ಪಕ್ಕದಲ್ಲಿ ಕೂರಿಸಿದ್ದ 2011ರ ತೀರ್ಮಾನವನ್ನು ಮೇರಿಲ್ಯಾಂಡ್ ಶಾಸನಸಭೆ ಹಿಂತೆಗೆದದ್ದು 2025ರಲ್ಲಿ. ಅಷ್ಟರಲ್ಲಿ ಮೊದಲ ತಂಡದ ಮಕ್ಕಳು ಮೂವತ್ತರ ಹತ್ತಿರ ಬಂದಿದ್ದರು.

ಕರ್ಟಿಸ್ ಬೇಯ ಕಲ್ಲಿದ್ದಲು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಉತ್ತರ ನಮ್ಮ ಮನೆ ಬಾಗಿಲಿಗೇ ಬರುತ್ತದೆ. 2023ರಲ್ಲಿ ಬಾಲ್ಟಿಮೋರ್ ಬಂದರಿನಿಂದ ಅಮೆರಿಕದ ಅಳತೆಯಲ್ಲಿ ಸುಮಾರು 2.8 ಕೋಟಿ ಟನ್ ಕಲ್ಲಿದ್ದಲು ಹೊರದೇಶಗಳಿಗೆ ಹೋಯಿತು. ದೊಡ್ಡ ಗಿರಾಕಿಗಳಲ್ಲಿ ಭಾರತವೂ ಒಂದು, ಇಲ್ಲಿಗೆ ಬಂದ ಕಲ್ಲಿದ್ದಲಿನ ಬಹಳಷ್ಟು ಸುಟ್ಟುಹೋಗುವುದು ಇಟ್ಟಿಗೆ ಗೂಡುಗಳಲ್ಲಿ. 2024ರ ಮಾರ್ಚ್ 26ರ ರಾತ್ರಿ 'ಡಾಲಿ' ಎಂಬ ಹಡಗು ಬಡಿದು ಬಾಲ್ಟಿಮೋರಿನ ಕೀ ಸೇತುವೆ ಕುಸಿದು, ರಸ್ತೆ ಕೆಲಸದ ಆರು ಕಾರ್ಮಿಕರು ಸತ್ತದ್ದು ನೆನಪಿರಬಹುದು. ಆ ಹಡಗಿನ 21 ಸಿಬ್ಬಂದಿಯಲ್ಲಿ 20 ಮಂದಿ ಭಾರತೀಯರಾದ್ದರಿಂದ ನಮ್ಮ ಪತ್ರಿಕೆಗಳೂ ಸಾಕಷ್ಟು ಬರೆದವು. ಸೇತುವೆಯ ಅವಶೇಷ ದಾರಿ ಕಟ್ಟಿದ್ದರಿಂದ ಕರ್ಟಿಸ್ ಬೇಯ ಕಲ್ಲಿದ್ದಲು ಹಡಗುಗಳು ಹೊರಡಲಾಗದೆ, ಅದರ ಬಿಸಿ ನಮ್ಮ ಇಟ್ಟಿಗೆ ಗೂಡುಗಳ ಮಾಲೀಕರಿಗೆ ತಟ್ಟಿದ್ದು ಮಾತ್ರ ಅಷ್ಟಾಗಿ ಸುದ್ದಿಯಾಗಲಿಲ್ಲ.

ನಾವೂ ಗಿರಾಕಿಗಳೇ ಎಂದಾದರೆ, ಗೋವಾದವರು ಕರ್ನಾಟಕದ ಕಡೆ ಬೆರಳು ತೋರಿಸುವುದಕ್ಕೂ ಅರ್ಥ ಬರುತ್ತದೆ. ಮುರ್ಮುಗೋವಾ ಬಂದರಿಗೆ ಬಂದ ಕಲ್ಲಿದ್ದಲು ವಾಸ್ಕೋ ಊರಿನ ಮೇಲೆ ದೂಳು ಉದುರಿಸಿ, ಕುಳೆಂ, ಕ್ಯಾಸಲ್‌ರಾಕ್ ಘಾಟ್ ಹತ್ತಿ, ಹುಬ್ಬಳ್ಳಿ ದಾಟಿ ತೋರಣಗಲ್ಲಿನ ಉಕ್ಕಿನ ಕುಲುಮೆಗೆ ಬರುತ್ತದೆ. 2020ರ ನವೆಂಬರ್ 1ರ ರಾತ್ರಿ ಗೋವಾದ ಚಾಂದೋರಿನಲ್ಲಿ ಸಾವಿರಾರು ಮಂದಿ ರೈಲು ಹಳಿಯ ಬಳಿ ಬೆಳಗಿನವರೆಗೂ ಕೂತದ್ದು ಈ ದಾರಿಯ ಜೋಡಿ ಹಳಿ ಬೇಡವೆಂದು. ಕ್ಯಾಸಲ್‌ರಾಕ್–ಕುಳೆಂ ನಡುವಿನ ಜೋಡಿ ಹಳಿಗೆ ಸಿಕ್ಕಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಆ ಘಾಟಿನಲ್ಲಿ ಕಲ್ಲಿದ್ದಲು ಒಂಟಿ ಹಳಿಯಲ್ಲೇ ಬರುತ್ತಿದೆ.

ಇನ್ನು ಕಸ ಸುಡುವ ಮಾತು. ಬಿಡದಿಯಲ್ಲಿ ಕರ್ನಾಟಕ ವಿದ್ಯುತ್ ನಿಗಮ ಮತ್ತು ಬೆಂಗಳೂರು ಪಾಲಿಕೆ ಸೇರಿ ಕಟ್ಟಿದ 11.5 ಮೆಗಾವಾಟ್‌ನ ಸ್ಥಾವರವಿದೆ. ಬಾಲ್ಟಿಮೋರಿನ ಯೋಜನೆಯ ಮುಂದೆ ಪುಟ್ಟದು, ಸಾರ್ವಜನಿಕ ಸಂಸ್ಥೆಗಳದು. ಅದನ್ನು ಕೆಟ್ಟದ್ದೆಂದು ಇಲ್ಲಿ ತೀರ್ಪು ಕೊಡುವುದಿಲ್ಲ. ಮಂಡೂರು, ಮಾವಳ್ಳಿಪುರಗಳಲ್ಲಿ ಕಸದ ಬೆಟ್ಟದ ಕೆಳಗೆ ಹಳ್ಳಿಯವರು ಪಟ್ಟ ಪಾಡು ಗೊತ್ತಿದ್ದವರು ಅಷ್ಟು ಬೇಗ ತೀರ್ಪು ಕೊಡಲಾರರು. ಒಂದು ವ್ಯತ್ಯಾಸ ಮಾತ್ರ ಗಮನಿಸಬೇಕು. ಕೇಂದ್ರದ 2016ರ ವಿದ್ಯುತ್ ದರ ನೀತಿಯ ಪ್ರಕಾರ, ರಾಜ್ಯದೊಳಗೆ ಕಸದಿಂದ ತಯಾರಾದ ವಿದ್ಯುತ್ತನ್ನೆಲ್ಲ ವಿತರಣಾ ಕಂಪನಿಗಳು ಕೊಳ್ಳಲೇಬೇಕು. ಕರ್ಟಿಸ್ ಬೇ ಮಕ್ಕಳು ಎಳೆದ ದಾರ ನಮ್ಮಲ್ಲಿ ಕಟ್ಟಿಟ್ಟ ಹಾಗೆಯೇ ಇದೆ. ಕೊಳ್ಳುವವರು ಒಲ್ಲೆ ಎನ್ನುವಂತಿಲ್ಲ ಎಂದ ಮೇಲೆ ಇಲ್ಲಿಯ ಯುವಕರು ಬೇರೆ ದಾರ ಹುಡುಕಬೇಕು: ಕೊಳವೆಯ ಹೊಗೆಯ ಅಳತೆ ಎಷ್ಟು, ಬೂದಿ ಎಲ್ಲಿಗೆ ಹೋಗುತ್ತದೆ, ಹಸಿ ಕಸ ಬೇರ್ಪಡಿಸದೆ ಎಷ್ಟು ಲೋಡು ಒಳಗೆ ಬಂತು.

ಆದರೆ ನಮ್ಮಲ್ಲಿ ಜೂನ್ 5 ಬಂತೆಂದರೆ ಮಕ್ಕಳ ಕೈಗೆ ಫಲಕ ಕೊಟ್ಟು ಬಿಸಿಲಿನಲ್ಲಿ ಜಾಥಾ ಹೊರಡಿಸುತ್ತೇವೆ. ಚಿತ್ರ ಬರೆಯುವ ಸ್ಪರ್ಧೆ ಇಡುತ್ತೇವೆ, ಹೋದ ವರ್ಷ ಸಸಿ ನೆಟ್ಟ ಗುಂಡಿಯಲ್ಲೇ ಈ ವರ್ಷವೂ ಸಸಿ ನೆಡುತ್ತೇವೆ. ಊರಿಗೆ ಬುದ್ಧಿ ಹೇಳುವ ಕೆಲಸ ಮಕ್ಕಳದು, ಕಡತ ಬಿಚ್ಚುವ ಕೆಲಸ ದೊಡ್ಡವರದು ಎಂಬ ಹಂಚಿಕೆ ಯಾವಾಗ ಆಯಿತೋ. ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕುವವರ ವಯಸ್ಸಿಗೆ ಮಿತಿಯಿಲ್ಲ, ನಾಗರಿಕರಾಗಿದ್ದರೆ ಸಾಕು. ಶುಲ್ಕ 10 ರೂಪಾಯಿ, ಉತ್ತರ ಕೊಡಬೇಕಾದ ಅವಧಿ 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ನಮ್ಮ ಹತ್ತನೆಯ ತರಗತಿಯವರು ಪರಿಸರ ಮಾಲಿನ್ಯದ ಮೇಲೆ ಬರೆಯುವ ಪ್ರಬಂಧಕ್ಕೆ ಇದಕ್ಕಿಂತ ಹೆಚ್ಚು ಪದ ಬೇಕಾಗುತ್ತವೆ.